ಶಾಲೆಗೆ ಹೋಗುವ ಮಕ್ಕಳ ಮೈಕಸುವು: ಹುಡುಗ ಹುಡುಗಿಯರಲ್ಲಿ ವ್ಯತ್ಯಾಸ ಎಷ್ಟು, ಯಾವಾಗಿನಿಂದ?



ಈ ಸಲ ರಾಸುಗಳ ವಿಷಯವನ್ನು ಸ್ವಲ್ಪ ಬದಿಗಿಟ್ಟು ಮನೆಯ ಮಕ್ಕಳ ವಿಷಯ ತೆಗೆದುಕೊಂಡಿದ್ದೇವೆ. ಬೆಳಗಿನ ಹೊತ್ತು ಯಾವ ಸಂಘದ ಮುಂದೆ ನಿಂತರೂ ಹಾಲು ತರುವವರ ಸಾಲಿನಲ್ಲಿ ಮಕ್ಕಳೂ ಕಾಣುತ್ತಾರೆ. ಒಮ್ಮೆ ಹೀಗೆ ಒಂದು ಸಂಘದಲ್ಲಿ ಕುಳಿತಿದ್ದಾಗ ಅಕ್ಕ ತಮ್ಮ ಇಬ್ಬರು ಹತ್ತು ಲೀಟರಿನ ಕ್ಯಾನೊಂದನ್ನು ಎರಡು ಕಡೆ ಹಿಡಿದುಕೊಂಡು ಬಂದರು. ಅಕ್ಕನಿಗೆ ಹನ್ನೆರಡು, ತಮ್ಮನಿಗೆ ಹತ್ತು ಇರಬಹುದು. ಸಾಲಿನಲ್ಲಿದ್ದ ಹಿರಿಯರೊಬ್ಬರು, "ಅವನ ಕೈಗೆ ಕೊಡಮ್ಮ, ಗಂಡು ಹುಡುಗ, ಎತ್ತುತ್ತಾನೆ" ಎಂದರು. ಹುಡುಗಿ ತಮ್ಮನಿಗಿಂತ ಒಂದು ಗೇಣು ಎತ್ತರ. ಕ್ಯಾನು ಅವಳ ಕಡೆಗೇ ವಾಲಿತ್ತು, ಅಂದರೆ ಭಾರವೆಲ್ಲ ಅವಳ ಕೈಯಲ್ಲೇ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಮನೆಯಲ್ಲಿ ಹಾಲಿನ ಲೋಟ ಹಂಚುವಾಗಲೂ ನಾವು ಇದೇ ಲೆಕ್ಕ ಹಾಕುತ್ತೇವೆ. "ಅವನಿಗೆ ಬಲ ಬೇಕು" ಎಂದು ಹುಡುಗನಿಗೆ ಹಾಲು, ಹುಡುಗಿಗೆ ಕಾಫಿ. ಈ ಲೆಕ್ಕ ಎಷ್ಟು ಸರಿ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮಾಂಸಖಂಡವೆಂದರೆ ಸಣ್ಣ ನಾರುಗಳ ಕಟ್ಟು. ಈ ನಾರುಗಳ ಸಂಖ್ಯೆ ಹುಟ್ಟುವ ಹೊತ್ತಿಗೇ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಮಗು ಬೆಳೆದಂತೆ ಅವು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಬಲವನ್ನು ಅಳೆಯಲು ಕೈಮುಷ್ಟಿಯಿಂದ ಹಿಂಡುವ ಒಂದು ಸಾಧನವಿದೆ. ಎಷ್ಟು ಕಿಲೋ ಒತ್ತಡ ಬಿತ್ತೆಂದು ಮುಳ್ಳು ತೋರಿಸುತ್ತದೆ. ಈ ರೀತಿ ಅಳೆದಾಗ ಒಂದನೇ ತರಗತಿಯಿಂದ ಐದನೇ ತರಗತಿಯವರೆಗಿನ ಹುಡುಗ ಹುಡುಗಿಯರ ನಡುವೆ ದೊಡ್ಡ ಅಂತರವೇನೂ ಕಾಣುವುದಿಲ್ಲ. ಹುಡುಗರು ಸರಾಸರಿಯಲ್ಲಿ ತುಸು ಮುಂದಿರುತ್ತಾರೆ, ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು. ಕಾಲಿನ ಬಲದಲ್ಲಿ ಅಂತರ ಇನ್ನೂ ಕಡಿಮೆ. ಒಂದೇ ತರಗತಿಯ ಇಬ್ಬರು ಹುಡುಗರ ನಡುವೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರುವುದುಂಟು.

ನಂತರದ ವರ್ಷಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಹುಡುಗಿ ಮೊದಲು ಬೆಳೆಯುತ್ತಾಳೆ. ಅವಳು ಅತಿ ವೇಗವಾಗಿ ಎತ್ತರವಾಗುವುದು ಸುಮಾರು 12ನೇ ವಯಸ್ಸಿನಲ್ಲಿ, ಹುಡುಗ ಸುಮಾರು 14ರಲ್ಲಿ. ಆದ್ದರಿಂದ ಆರು, ಏಳನೇ ತರಗತಿಯಲ್ಲಿ ಎಷ್ಟೋ ಹುಡುಗಿಯರು ತಮ್ಮ ಓರಗೆಯ ಹುಡುಗರಿಗಿಂತ ಎತ್ತರವಾಗಿ, ತೂಕವಾಗಿ, ಬಲದಲ್ಲಿ ಸರಿಸಮವಾಗಿ ಇರುತ್ತಾರೆ. ಅಮೆರಿಕದ ಓಕ್‌ಲ್ಯಾಂಡ್ ಪಟ್ಟಣದಲ್ಲಿ 1930ರ ದಶಕದಲ್ಲಿ ಹೆರಾಲ್ಡ್ ಜೋನ್ಸ್ ಎಂಬ ವಿದ್ವಾಂಸರು ಒಂದೇ ಗುಂಪಿನ ಮಕ್ಕಳ ಮುಷ್ಟಿಬಲವನ್ನು ಹೈಸ್ಕೂಲು ಮುಗಿಯುವವರೆಗೂ ಮತ್ತೆ ಮತ್ತೆ ಅಳೆದು 1949ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮೊದಲು ಹತ್ತಿರ ಹತ್ತಿರವೇ ಸಾಗುವ ಎರಡು ಗೆರೆಗಳು 13 ವರ್ಷ ದಾಟಿದ ಮೇಲೆ ಬೇರೆ ದಾರಿ ಹಿಡಿಯುತ್ತವೆ. ಹುಡುಗರ ಗೆರೆ ಮೇಲಕ್ಕೆ ಏರುತ್ತದೆ, ಹುಡುಗಿಯರದು ನಿಧಾನವಾಗುತ್ತದೆ. 17ರ ಹೊತ್ತಿಗೆ ಹುಡುಗಿಯ ತೋಳಿನ ಬಲ ಸರಾಸರಿಯಲ್ಲಿ ಹುಡುಗನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಕಾಲಿನ ಬಲ ಸುಮಾರು ಮೂರರಲ್ಲಿ ಎರಡು ಪಾಲು.

ಇದಕ್ಕೆ ಕಾರಣವನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ, ಕೊಟ್ಟಿಗೆಯಲ್ಲೇ ಇದೆ. ಒಂದೇ ಹಸುವಿನ ಎರಡು ಹೋರಿಗರುಗಳಲ್ಲಿ ಒಂದಕ್ಕೆ ಎಳೆಯದರಲ್ಲೇ ಬೀಜ ಒಡೆಸಿ, ಇನ್ನೊಂದನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಬಿಟ್ಟದ್ದರ ಕತ್ತು ಕೊಬ್ಬುತ್ತದೆ, ಹಿಣಿಲು ಏರುತ್ತದೆ. ಎತ್ತಿಗೆ ಆ ಕತ್ತು ಬರುವುದಿಲ್ಲ. ಮೇವು ಒಂದೇ, ತಳಿ ಒಂದೇ, ಆದರೂ ಅಷ್ಟು ವ್ಯತ್ಯಾಸ. ಬೀಜದಲ್ಲಿ ಹುಟ್ಟುವ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನಿನ ಕೆಲಸ ಅದು. ಹುಡುಗನಲ್ಲೂ ಪ್ರಾಯ ಬರುವಾಗ ಇದೇ ಹಾರ್ಮೋನು ಏರಿ ಭುಜ, ಎದೆ, ತೋಳುಗಳ ನಾರುಗಳನ್ನು ದಪ್ಪ ಮಾಡುತ್ತದೆ. ವಯಸ್ಕ ಗಂಡಸಿನ ರಕ್ತದಲ್ಲಿ ಇದು ಹೆಂಗಸಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಪ್ರಾಯಕ್ಕೆ ಮೊದಲು ಇಬ್ಬರಲ್ಲೂ ಅದು ಅತ್ಯಲ್ಪ. ಹತ್ತು ವರ್ಷದ ಹುಡುಗನಿಗೆ "ಗಂಡಸಿನ ಬಲ" ಇನ್ನೂ ಬಂದೇ ಇರುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ವ್ಯತ್ಯಾಸವಿರುವುದು ಮಾಂಸಖಂಡದ ಪ್ರಮಾಣದಲ್ಲಿ, ಅದರ ಗುಣದಲ್ಲಲ್ಲ. ಒಂದೇ ದಪ್ಪದ ಮಾಂಸಖಂಡ ಹುಡುಗನದಾಗಲಿ ಹುಡುಗಿಯದಾಗಲಿ ಹೆಚ್ಚುಕಡಿಮೆ ಒಂದೇ ಬಲ ಕೊಡುತ್ತದೆ. ವ್ಯಾಯಾಮಕ್ಕೆ ಫಲ ಇಬ್ಬರಿಗೂ ಉಂಟು. ಪ್ರಾಯಕ್ಕೆ ಮೊದಲು ವ್ಯಾಯಾಮ ಮಾಡಿದರೆ ತೋಳು ಉಬ್ಬುವುದಿಲ್ಲ, ಆದರೂ ಬಲ ಹೆಚ್ಚುತ್ತದೆ. ಮಿದುಳಿನಿಂದ ಬರುವ ನರಗಳು ಹೆಚ್ಚು ನಾರುಗಳನ್ನು ಒಟ್ಟಿಗೆ ದುಡಿಸಲು ಕಲಿಯುವುದೇ ಇದಕ್ಕೆ ಕಾರಣ.

ಹುಡುಗಿ ದೊಡ್ಡವಳಾದ ಕೂಡಲೇ ಆಟ ಬಿಡಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಪ್ರಕೃತಿ ಮಾಡಿದ ಅಂತರದ ಮೇಲೆ ನಾವೂ ಸ್ವಲ್ಪ ಸೇರಿಸುತ್ತೇವೆ. ಹೈಸ್ಕೂಲಿನ ಹುಡುಗಿಯರ ಬಲ ಏರದೆ ನಿಲ್ಲುವುದಕ್ಕೆ ಓಡುವುದು, ಜಿಗಿಯುವುದು, ನೇತಾಡುವುದು ನಿಲ್ಲುವುದೂ ಒಂದು ಕಾರಣ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು.

ಹುಡುಗರ ವಿಷಯದಲ್ಲಿ ನಾವು ಮಾಡುವ ತಪ್ಪು ಬೇರೆ. ಹದಿಮೂರು, ಹದಿನಾಲ್ಕರ ಹುಡುಗ ಒಂದೇ ವರ್ಷದಲ್ಲಿ ಎತ್ತರವಾಗಿಬಿಡುತ್ತಾನೆ. ಅಪ್ಪನ ಭುಜಕ್ಕೆ ಬಂದನೆಂದು ಅಪ್ಪನ ಕೆಲಸ ಕೊಡುತ್ತೇವೆ. ಆದರೆ ಮೂಳೆ ಮೊದಲು ಉದ್ದವಾಗುತ್ತದೆ. ಬಲ ಅತಿ ಹೆಚ್ಚಾಗಿ ಏರುವುದು ಅದಾದ ಸುಮಾರು ಒಂದು ವರ್ಷಕ್ಕೆ. ಆ ನಡುವಿನ ಕಾಲದಲ್ಲಿ ಅವನು ಉದ್ದ ಇದ್ದರೂ ಎಳೆಯ. ಮೂಳೆಯ ತುದಿಯಲ್ಲಿ ಬೆಳೆಯುತ್ತಿರುವ ಮೆದು ಪದರವಿರುತ್ತದೆ, ಅದಕ್ಕೆ ಪೆಟ್ಟಾದರೆ ಆ ಕೈ ಅಥವಾ ಕಾಲಿನ ಬೆಳವಣಿಗೆಯೇ ಕೆಡಬಹುದು. ಈಗ ಬಹಳ ಕಡೆ ಬಿ.ಎಂ.ಸಿ. ಘಟಕಗಳು ಬಂದು 40 ಲೀಟರಿನ ಕ್ಯಾನುಗಳು ಕಡಿಮೆಯಾಗಿವೆ. ಇನ್ನೂ ಇರುವ ಕಡೆ ದಯವಿಟ್ಟು ಮಕ್ಕಳ ಕೈಯಲ್ಲಿ ಅವನ್ನು ಎತ್ತಿಸಬೇಡಿ. ತುಂಬಿದ ಕ್ಯಾನಿನಲ್ಲಿ ಹಾಲೇ 41 ಕಿಲೋ ತೂಗುತ್ತದೆ, ಕ್ಯಾನಿನ ತೂಕ ಬೇರೆ. ಶಾಲೆಯ ಚೀಲ ಮಗುವಿನ ತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಹುಲ್ಲಿನ ಹೊರೆ, ನೀರಿನ ಕೊಡಗಳ ಮಾತು ಅದರಲ್ಲಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಇನ್ನು ಆಹಾರ. ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನು, 300 ಮಿಲಿಗ್ರಾಂ ಸುಣ್ಣದಂಶ ಇರುತ್ತದೆ. 13ರಿಂದ 15 ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಸುಣ್ಣದಂಶ 1000 ಮಿಲಿಗ್ರಾಂ, ಹುಡುಗನಿಗೂ ಅಷ್ಟೇ, ಹುಡುಗಿಗೂ ಅಷ್ಟೇ. ಆದರೆ ಹಾಲು ಮಾರುವ ನಾವೇ ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ಹಾಲಿನಲ್ಲಿ ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ. ಅದೇ ವಯಸ್ಸಿಗೆ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣದಂಶ ಬೇಕಾದರೆ ಹುಡುಗಿಗೆ 30 ಬೇಕು, ಮುಟ್ಟಿನಲ್ಲಿ ರಕ್ತ ಹೋಗುವುದರಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು, ಹುಡುಗರಲ್ಲಿ 31 ಮಂದಿಗೆ. ರಕ್ತ ಕಡಿಮೆಯಾದರೆ ಮಾಂಸಖಂಡಕ್ಕೆ ಪ್ರಾಣವಾಯು ಸಾಲದು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಕಾಲು ಸೆಳೆತ. ಅದನ್ನು "ಹೆಣ್ಣುಮಗು, ಬಲ ಕಡಿಮೆ" ಎಂದು ತಿಳಿಯುವವರೇ ಹೆಚ್ಚು.

ಸೊಪ್ಪು, ಕಾಳು, ಸಾಧ್ಯವಿದ್ದವರು ಮೊಟ್ಟೆ, ಮಾಂಸ ಕೊಡಬೇಕು. ಊಟದ ಜೊತೆ ನಿಂಬೆ ಅಥವಾ ನೆಲ್ಲಿ ಇದ್ದರೆ ಕಬ್ಬಿಣದಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಇದಕ್ಕೇ ಇರುವುದು. ಮಲ ಕಪ್ಪಾಗುತ್ತದೆಂದು ಹೆದರಿ ಮಕ್ಕಳು ಅದನ್ನು ಎಸೆಯುತ್ತಾರೆ, ಅದರಿಂದ ತೊಂದರೆಯಿಲ್ಲ. ಹಾಲಿನ ಮಟ್ಟಿಗೆ ಹೇಳುವುದಾದರೆ, ಸಂಘಕ್ಕೆ ಅಳೆಯುವ ಮೊದಲೇ ಎಲ್ಲ ಮಕ್ಕಳ ಲೋಟವನ್ನು ತೆಗೆದಿಡಿ. ಅಳೆದು ಉಳಿದದ್ದರಲ್ಲಿ ಹಂಚಲು ಹೋದರೆ ಯಾರ ಲೋಟ ತಪ್ಪುತ್ತದೆಂದು ತಮಗೇ ಗೊತ್ತು.

ಕೊನೆಗೆ ಗಂಡು ಮಕ್ಕಳ ತಾಯಂದಿರಿಗೆ ಒಂದು ಎಚ್ಚರಿಕೆ. ಮೂರರಿಂದ ಆರು ವರ್ಷದೊಳಗಿನ ಹುಡುಗ ಪದೇ ಪದೇ ಬೀಳುತ್ತಿದ್ದರೆ, ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ಮೈಮೇಲೆ ತಾನೇ ಹತ್ತಿಕೊಂಡಂತೆ ಎದ್ದರೆ, ಮೀನಖಂಡ ಮಾತ್ರ ದಪ್ಪಗಿದ್ದರೆ ಅದು ಸೋಮಾರಿತನವಲ್ಲ. ಬಹುತೇಕ ಗಂಡು ಮಕ್ಕಳಿಗೇ ಬರುವ, ಮಾಂಸಖಂಡ ಕ್ಷಯಿಸುವ ಕಾಯಿಲೆಯೊಂದರ ಲಕ್ಷಣ ಅದಾಗಿರಬಹುದು. ಎಣ್ಣೆ ತಿಕ್ಕುತ್ತ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರು ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಟ್ಟರೆ ತಡಮಾಡದೆ ಹೋಗಿ.