ಹಲವರಿಗೆ ಒಂದೇ ಫೋಲ್ಡರು

ವಿದ್ಯಾರ್ಥಿಗಳೇ, ಕೆಲವು ವರ್ಷಗಳ ಕೆಳಗೆ ಒಂದು ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ಹೇಳುವೆನು. ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ವಾರ್ಷಿಕ ಸಂಚಿಕೆಗೆಂದು ಪ್ರಬಂಧವೊಂದನ್ನು ಬೆರಳಚ್ಚಿಸಿ, ಎಲ್ಲರೂ ಬಳಸುವ ಫೋಲ್ಡರಿನಲ್ಲಿ ಇಟ್ಟಿದ್ದಳು. ಯಾರೂ ಅದನ್ನು ಕೆಡಿಸದಿರಲೆಂದು ‘ಓದಲು ಮಾತ್ರ’ ಎಂಬ ಅನುಮತಿಯನ್ನೂ ಕೊಟ್ಟಿದ್ದಳು. ಮರುದಿನ ಪ್ರಬಂಧವೇ ಇಲ್ಲ! ‘ನೀನು ಉಳಿಸಿಯೇ ಇರಲಿಲ್ಲ’ ಎಂದು ಗದರಿಸಿದವರಲ್ಲಿ ನಾನೂ ಒಬ್ಬನು. ಚಿಕ್ಕ ತರಗತಿಯ ಹುಡುಗನೊಬ್ಬನು ಹಳೆಯ ಕಡತವೆಂದು ಭಾವಿಸಿ ಅದನ್ನು ಅಳಿಸಿದ್ದನೆಂಬುದು ವಾರದ ಬಳಿಕ ತಿಳಿಯಿತು. ಓದಲು ಮಾತ್ರ ಅನುಮತಿಯಿದ್ದ ಕಡತವನ್ನು ಅವನು ಅಳಿಸಿದುದಾದರೂ ಹೇಗೆ?

ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ಗ್ನೂ ಲಿನಕ್ಸ್ ಬಳಕೆಯಲ್ಲಿದೆ. ಅದರ ಅನುಮತಿಯ ಕ್ರಮವು, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸಿನಿಂದ ಬಂದುದು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಅಂಕಗಳು. ಇವುಗಳನ್ನು ಕೂಡಿ ಒಡೆಯನಿಗೆ, ಗುಂಪಿಗೆ, ಇತರರಿಗೆ ಎಂದು ಕ್ರಮವಾಗಿ ಮೂರು ಅಂಕಿಗಳನ್ನು ಬರೆಯುವರು. 750 ಎಂದರೆ ಒಡೆಯನಿಗೆ ಮೂರು ಅಧಿಕಾರಗಳೂ ಉಂಟು. ಗುಂಪಿನವರಿಗೆ ಬರೆಯುವುದೊಂದು ಇಲ್ಲ. ಇತರರಿಗೆ ಯಾವುದೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಫೋಲ್ಡರೆಂಬುದು ಪೆಟ್ಟಿಗೆಯಲ್ಲ, ಅದು ಹೆಸರುಗಳ ಪಟ್ಟಿ. ನಿಮ್ಮ ಹಾಜರಿ ಪುಸ್ತಕವನ್ನು ನೆನೆದುಕೊಳ್ಳಿರಿ. ಅದರಿಂದ ಒಂದು ಹೆಸರನ್ನು ಹೊಡೆದುಹಾಕಬೇಕಾದರೆ ಪುಸ್ತಕದಲ್ಲಿ ಬರೆಯುವ ಅಧಿಕಾರ ಸಾಕು. ಆ ಹುಡುಗನ ಒಪ್ಪಿಗೆ ಬೇಕಿಲ್ಲ. ಹಾಗೆಯೇ ಕಡತವನ್ನು ಅಳಿಸುವುದೆಂದರೆ ಫೋಲ್ಡರಿನ ಪಟ್ಟಿಯಿಂದ ಅದರ ಹೆಸರನ್ನು ತೆಗೆಯುವುದು. ಫೋಲ್ಡರಿನ ಮಟ್ಟಿಗೆ ‘ಓದು’ ಎಂದರೆ ಹೆಸರುಗಳನ್ನು ಕಾಣುವುದು, ‘ನಡೆಸು’ ಎಂದರೆ ಒಳಹೊಕ್ಕು ಕಡತಗಳನ್ನು ತಲುಪುವುದು, ‘ಬರೆ’ ಎಂದರೆ ಹೆಸರನ್ನು ಸೇರಿಸುವುದು, ಬದಲಿಸುವುದು, ತೆಗೆಯುವುದು. ಆ ಬಾಲಿಕೆ ಕಡತಕ್ಕೆ ಬೀಗ ಹಾಕಿದ್ದಳು. ಫೋಲ್ಡರಿಗೆ ನಾವು 777 ಎಂದು ಕೊಟ್ಟು ಊರಿಗೆಲ್ಲ ಬಾಗಿಲು ತೆರೆದಿಟ್ಟಿದ್ದೆವು. ‘ಕೆಲಸ ನಡೆಯುತ್ತಿಲ್ಲ’ ಎಂದಾಗಲೆಲ್ಲ 777 ಕೊಟ್ಟುಬಿಡುವ ಅಭ್ಯಾಸ ಇಂದಿಗೂ ಅನೇಕರಲ್ಲಿದೆ.

ಇದಕ್ಕೆ ತಕ್ಕ ಏರ್ಪಾಡೇನು? ಯಂತ್ರದ ಮೇಲ್ವಿಚಾರಕರು ಮೊದಲು ‘ಸಂಚಿಕೆ’ ಎಂಬ ಅರ್ಥದ ಒಂದು ಗುಂಪನ್ನು ಮಾಡಿ, ಬರೆಯುವವರನ್ನು ಅದಕ್ಕೆ ಸೇರಿಸಬೇಕು. ಹೀಗೆ ಸೇರಿಸುವ ಯೂಸರ್‌ಮಾಡ್ ಎಂಬ ಆದೇಶದಲ್ಲಿ ದೊಡ್ಡ ಜಿ ಅಕ್ಷರದ ಜೊತೆಗೆ ಚಿಕ್ಕ ಎ ಅಕ್ಷರವನ್ನು ಮರೆತರೆ, ಆ ವಿದ್ಯಾರ್ಥಿಯು ಮೊದಲಿದ್ದ ಇತರ ಗುಂಪುಗಳಿಂದ ಹೊರಬೀಳುವನು! ಸೇರಿದವರು ಒಮ್ಮೆ ಹೊರಬಂದು ಮತ್ತೆ ಪ್ರವೇಶಿಸಿದ ಮೇಲೆಯೇ ಹೊಸ ಗುಂಪಿನ ಅಧಿಕಾರ ದೊರೆಯುವುದು. ಬಳಿಕ ಫೋಲ್ಡರನ್ನು ಆ ಗುಂಪಿಗೆ ಒಪ್ಪಿಸಿ, ಚ್‌ಮಾಡ್ ಎಂಬ ಆದೇಶದಿಂದ 3770 ಎಂದು ಅನುಮತಿ ಕೊಡಬೇಕು.

ಮುಂದಿನ 3 ಎಲ್ಲಿಂದ ಬಂದಿತು? ಅದು 2 ಮತ್ತು 1ರ ಮೊತ್ತ. 2 ಇದ್ದರೆ ಫೋಲ್ಡರಿನಲ್ಲಿ ಹೊಸದಾಗಿ ಹುಟ್ಟುವ ಕಡತವೆಲ್ಲವೂ ಫೋಲ್ಡರಿನ ಗುಂಪಿಗೇ ಸೇರುವುದು. 1 ಇದ್ದರೆ ಕಡತದ ಒಡೆಯನು, ಫೋಲ್ಡರಿನ ಒಡೆಯನು, ಯಂತ್ರದ ಮೇಲ್ವಿಚಾರಕನು ಇವರ ಹೊರತು ಬೇರೊಬ್ಬರು ಅದನ್ನು ಅಳಿಸಲಾಗಲಿ ಹೆಸರು ಬದಲಿಸಲಾಗಲಿ ಆಗದು. ಲಿನಕ್ಸಿನ ತಾತ್ಕಾಲಿಕ ಕಡತಗಳ ಫೋಲ್ಡರಿಗೆ 1777 ಎಂದಿರುವುದೂ ಇದೇ ಕಾರಣದಿಂದ.

ಆದರೆ ಒಂದು ಎಚ್ಚರಿಕೆ. ಈ 1 ಅಳಿಸುವುದನ್ನು ತಡೆಯುವುದೇ ಹೊರತು ಒಳಗಿನ ಬರಹವನ್ನು ಕಾಯದು. ಕಡತಕ್ಕೆ 664 ಎಂದಿದ್ದರೆ ಗುಂಪಿನವರು ಅದನ್ನು ತೆರೆದು ಬರಿದು ಮಾಡಬಲ್ಲರು. ಹೊಸ ಕಡತಕ್ಕೆ 664 ದೊರೆಯುವುದೋ 644 ದೊರೆಯುವುದೋ ಎಂಬುದನ್ನು ಯೂಮಾಸ್ಕ್ ಎಂಬ ಕಳೆಯುವ ಅಂಕಿಯು ನಿರ್ಣಯಿಸುತ್ತದೆ: ಅದು 002 ಆಗಿದ್ದರೆ ಮೊದಲನೆಯದು, 022 ಆಗಿದ್ದರೆ ಎರಡನೆಯದು. ಮಕ್ಕಳ ಬರಹಕ್ಕೆ 644 ಇಟ್ಟು, ತಿದ್ದುವವರು ಪ್ರತಿ ತೆಗೆದುಕೊಂಡು ತಿದ್ದುವುದೇ ಲೇಸೆಂದು ನನ್ನ ಅಭಿಪ್ರಾಯ.

ಏರ್ಪಾಡು ಮುಗಿದ ಮೇಲೆ ಇಬ್ಬರು ವಿದ್ಯಾರ್ಥಿಗಳು ತಮ್ಮ ತಮ್ಮ ಹೆಸರಿನಿಂದ ಪ್ರವೇಶಿಸಿ ಪರೀಕ್ಷಿಸಿರಿ. ಒಬ್ಬನು ಒಂದು ಕಡತವನ್ನು ಬರೆದಿಡಲಿ. ಇನ್ನೊಬ್ಬನು ಅದನ್ನು ಮೊದಲು ಓದಿ, ಬಳಿಕ ಅಳಿಸಲು ಯತ್ನಿಸಲಿ. ಓದಲು ಬಂದು, ಅಳಿಸಲು ಯಂತ್ರವು ಒಪ್ಪದಿದ್ದರೆ ಫೋಲ್ಡರು ಬಳಕೆಗೆ ಸಿದ್ಧವಾಯಿತೆಂದು ತಿಳಿಯಿರಿ.