ಕೈಯಲ್ಲಿ ನಾದಿದ ಬ್ರೆಡ್, ಯಂತ್ರದಲ್ಲಿ ಬೆಂದ ಬ್ರೆಡ್: ಎರಡು ಅಭ್ಯಾಸ ಪಾಠಗಳ ವೀಕ್ಷಣೆ

ಎಂಟನೇ ತರಗತಿಯ ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಘಟಕ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಯೀಸ್ಟ್ ಚಟುವಟಿಕೆಯನ್ನೇ ಆರಿಸಿಕೊಳ್ಳುತ್ತಾರೆ. ಮೈದಾಕ್ಕೆ ಸಕ್ಕರೆ, ಬೆಚ್ಚಗಿನ ನೀರು, ಸ್ವಲ್ಪ ಯೀಸ್ಟ್ ಸೇರಿಸಿ ನಾದಿ, ಎರಡು ಗಂಟೆಯ ನಂತರ ಹಿಟ್ಟನ್ನು ನೋಡುವುದು. ಓದಲು ಸುಲಭವಾದ ಈ ಚಟುವಟಿಕೆ 40 ನಿಮಿಷದ ಅವಧಿಗೆ ಹೊಂದುವುದಿಲ್ಲ. ಆದ್ದರಿಂದ ಕೆಲವರು ಚಿತ್ರಪಟ ತೋರಿಸಿ ಮುಗಿಸುತ್ತಾರೆ, ಕೆಲವರು ಮನೆಯಲ್ಲೇ ಉಬ್ಬಿಸಿದ ಹಿಟ್ಟನ್ನು ತರುತ್ತಾರೆ.

ಈ ಸಲದ ಬೋಧನಾ ಅಭ್ಯಾಸದಲ್ಲಿ ಒಂದೇ ಶಾಲೆಯ ಎ ಮತ್ತು ಬಿ ವಿಭಾಗಗಳಲ್ಲಿ ಇಬ್ಬರು ಪ್ರಶಿಕ್ಷಣಾರ್ಥಿಗಳು ಇದನ್ನು ಎರಡು ರೀತಿಯಲ್ಲಿ ಮಾಡಿದರು. ಒಬ್ಬರು ಬ್ರೆಡ್ ಮಾಡುವ ಯಂತ್ರ ತಂದರು, ಇನ್ನೊಬ್ಬರು ಮಕ್ಕಳ ಕೈಯಿಂದಲೇ ಹಿಟ್ಟು ನಾದಿಸಿದರು. ಎರಡೂ ಪಾಠಗಳ ಮೇಲ್ವಿಚಾರಕಿ ನಾನೇ. ಅಂಕ ಕೊಟ್ಟವಳೂ ನಾನೇ. ಆ ಅಂಕಗಳ ಬಗ್ಗೆ ನನಗೆ ಆಮೇಲೆ ಬಂದ ಅನುಮಾನವೇ ಈ ಲೇಖನಕ್ಕೆ ಕಾರಣ.

ಮೊದಲ ಪಾಠ: ಯಂತ್ರ

ಎ ವಿಭಾಗದ ಪ್ರಶಿಕ್ಷಣಾರ್ಥಿ ಸಂಬಂಧಿಕರ ಮನೆಯಿಂದ ಯಂತ್ರವನ್ನು ಕೇಳಿ ತಂದಿದ್ದರು. ಬಕೆಟಿನಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಒಂದು ಪಾತ್ರೆ, ಅದರ ತಳದಲ್ಲಿ ತಿರುಗುವ ಸಣ್ಣ ಅಲಗು. ನೀರು, ಮೈದಾ, ಸಕ್ಕರೆ, ಉಪ್ಪು, ಎಣ್ಣೆ, ಮೇಲೆ ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ನಾದುವುದು, ಉಬ್ಬಿಸುವುದು, ಬೇಯಿಸುವುದು ಎಲ್ಲ ಒಂದೇ ಪಾತ್ರೆಯಲ್ಲಿ ಮುಗಿಯುತ್ತದೆ. ಇದಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು. ಅವರು ಬೆಳಿಗ್ಗೆ ಎಂಟಕ್ಕೇ ಶಾಲೆಗೆ ಬಂದು ಶಿಕ್ಷಕರ ಕೊಠಡಿಯಲ್ಲಿ ಯಂತ್ರ ಹಚ್ಚಿದ್ದರು. ಹನ್ನೊಂದೂವರೆಯ ಅವಧಿಯಲ್ಲಿ ಮುಚ್ಚಳ ತೆಗೆದಾಗ ಇಡೀ ತರಗತಿ ಬ್ರೆಡ್ಡಿನ ವಾಸನೆಯಿಂದ ತುಂಬಿತು. ಹಂತಗಳ ಚಿತ್ರಪಟ ಸ್ಪಷ್ಟವಾಗಿತ್ತು. ಹುದುಗುವಿಕೆಯ ವ್ಯಾಖ್ಯೆ, ಇಂಗಾಲದ ಡೈಆಕ್ಸೈಡ್ ಬಿಡುಗಡೆ, ಇಡ್ಲಿ ಹಿಟ್ಟಿನೊಂದಿಗೆ ಹೋಲಿಕೆ ಎಲ್ಲವೂ ಕ್ರಮವಾಗಿ ಬಂದವು. ಗಂಟೆ ಬಾರಿಸುವ ಮೊದಲೇ ಮೌಲ್ಯಮಾಪನದ ಪ್ರಶ್ನೆಗಳೂ ಮುಗಿದವು.

ನಡುವೆ ಒಬ್ಬ ಹುಡುಗ ಬ್ರೆಡ್ಡನ್ನು ತಿರುಗಿಸಿ, "ಸರ್, ತಳದಾಗ ತೂತು ಯಾಕ ಬಿದ್ದೈತ್ರೀ?" ಎಂದು ಕೇಳಿದ. "ಅದು ಯಂತ್ರದ್ದು ಕಣಪ್ಪ" ಎಂದು ಹೇಳಿ ಪಾಠ ಮುಂದೆ ಸಾಗಿತು. ನಾನೂ ಅದನ್ನು ವೀಕ್ಷಣಾ ಪುಸ್ತಕದಲ್ಲಿ ಬರೆಯಲಿಲ್ಲ.

ಎರಡನೆಯ ಪಾಠ: ಕೈ

ಬಿ ವಿಭಾಗದ ಪ್ರಶಿಕ್ಷಣಾರ್ಥಿ ಎರಡು ಅವಧಿಗಳನ್ನು ಕೇಳಿ ಪಡೆದಿದ್ದರು. ಬೆಳಗಿನ ಅವಧಿಯಲ್ಲಿ ನಾದುವುದು, ಬಿಸಿಯೂಟದ ನಂತರದ ಅವಧಿಯಲ್ಲಿ ನೋಡುವುದು. ಐದು ಗುಂಪು, ಐದು ಪಾತ್ರೆ. ಆರಂಭದಿಂದಲೇ ಗದ್ದಲ. ನೀರು ಚೆಲ್ಲಿತು, ಬೆಂಚಿಗೆ ಹಿಟ್ಟು ಮೆತ್ತಿತು. ಮಧ್ಯಾಹ್ನ ನೋಡಿದರೆ ಎರಡು ಗುಂಪುಗಳ ಹಿಟ್ಟು ಮಾತ್ರ ಚೆನ್ನಾಗಿ ಉಬ್ಬಿತ್ತು. ಒಂದು ಗುಂಪು ಸಕ್ಕರೆ ಮರೆತಿದ್ದರೂ ಹಿಟ್ಟು ನಿಧಾನವಾಗಿ ಸ್ವಲ್ಪ ಏರಿತ್ತು. ಸರಿಯಾಗಿ ನಾದದ ಗುಂಪಿನದು ಮೇಲೇಳದೆ ಪಕ್ಕಕ್ಕೆ ಹರಡಿ ಹರಿದಿತ್ತು. ಐದನೆಯದು ಬೆಳಿಗ್ಗೆ ಇದ್ದಷ್ಟೇ ಇತ್ತು. ಪ್ರಶಿಕ್ಷಣಾರ್ಥಿಯ ಮುಖ ಬಾಡಿತು. ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವಷ್ಟರಲ್ಲಿ ಗಂಟೆಯಾಯಿತು.

ನಾನು ಮೊದಲ ಪಾಠಕ್ಕೆ ಹೆಚ್ಚು, ಎರಡನೆಯದಕ್ಕೆ ಸಾಕಷ್ಟು ಕಡಿಮೆ ಅಂಕ ಕೊಟ್ಟೆ. "ಸಮಯ ನಿರ್ವಹಣೆ ಸಾಲದು, ಚಟುವಟಿಕೆ ನಿರೀಕ್ಷಿತ ಫಲ ನೀಡಲಿಲ್ಲ" ಎಂದು ಬರೆದೆ. ಸಂಜೆ ಆಕೆ ಕೇಳಿದ ಮಾತು ಮನಸ್ಸಿನಲ್ಲಿ ಉಳಿಯಿತು: "ಮೇಡಂ, ಬ್ರೆಡ್ ಆಗಿದ್ದರೆ ಅಂಕ ಬರ್ತಿತ್ತಾ?"

ಒಂದು ವಾರದ ನಂತರ

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ವಾರ ಬಿಟ್ಟು ಎರಡೂ ವಿಭಾಗಗಳಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ಮನೆಯಲ್ಲಿ ಹೀಗೆ ಮಾಡಿದಾಗ ಹಿಟ್ಟು ಉಬ್ಬಲಿಲ್ಲ. ಏನಾಗಿರಬಹುದು?"

ಎ ವಿಭಾಗದವರು ಹುದುಗುವಿಕೆಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಹೇಳಿದರು. ಉಬ್ಬದ ಹಿಟ್ಟಿನ ಬಗ್ಗೆ ಮಾತ್ರ "ಯೀಸ್ಟ್ ಹಾಕಿಲ್ಲ" ಎಂಬುದರ ಆಚೆಗೆ ಹೋಗಲಿಲ್ಲ. ಉಬ್ಬದ ಹಿಟ್ಟನ್ನು ಅವರು ನೋಡಿಯೇ ಇರಲಿಲ್ಲ.

ಬಿ ವಿಭಾಗದಲ್ಲಿ ಉಬ್ಬದ ಹಿಟ್ಟಿನ ಗುಂಪಿನ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: "ಟೀಚರ್, ನೀರು ಭಾಳ ಬಿಸಿ ಇತ್ರೀ. ನಮ್ಮವ್ವ ರೊಟ್ಟಿ ಹಿಟ್ಟಿಗೆ ಕುದಿಯೋ ನೀರು ಹಾಕ್ತಾಳ್ರೀ. ಹಂಗ ಹಾಕಿದ್ವಿ. ಯೀಸ್ಟ್ ಸತ್ತು ಹೋತ್ರೀ."

ಈ ಉತ್ತರದಲ್ಲಿ ಎರಡು ವಿಷಯಗಳಿವೆ. ಮೊದಲನೆಯದು, ಆ ಮಕ್ಕಳ ತಪ್ಪು ಅಜ್ಞಾನದಿಂದ ಆದದ್ದಲ್ಲ, ಪೂರ್ವಜ್ಞಾನದಿಂದ ಆದದ್ದು. ಜೋಳದಲ್ಲಿ ಗೋಧಿಯಂತೆ ಜಿಗಿ ಇಲ್ಲ. ಕುದಿಯುವ ನೀರು ಅದರ ಪಿಷ್ಟವನ್ನು ಅಂಟಾಗಿಸುವುದರಿಂದಲೇ ರೊಟ್ಟಿ ಬಡಿಯಲು ಬರುತ್ತದೆ. ಯೀಸ್ಟ್ ಜೀವಂತ ಶಿಲೀಂಧ್ರ. 35ರಿಂದ 40 ಡಿಗ್ರಿ ಸೆಲ್ಸಿಯಸ್ ನೀರು ಅದಕ್ಕೆ ಹಿತ, 60 ಡಿಗ್ರಿ ಹತ್ತಿರವಾದರೆ ಸಾಯುತ್ತದೆ. ಎರಡನೆಯದು, ಪಾಠಯೋಜನೆಯಲ್ಲಿ "ಬಿಸಿನೀರು" ಎಂದೇ ಇತ್ತು. "ಉಗುರುಬೆಚ್ಚಗಿನ ನೀರು" ಎಂದಿರಲಿಲ್ಲ. ಆ ಯೋಜನೆಗೆ ಸಹಿ ಹಾಕಿದವಳು ನಾನು.

ನಾದದ ಗುಂಪಿನವರು ಹೋಳಿಗೆಯ ಮಾತು ತೆಗೆದರು. ಕಣಕವನ್ನು ನಾದಿ, ಎಣ್ಣೆ ಹಾಕಿ ನೆನೆಯಲು ಬಿಟ್ಟರೆ ಹರಿಯದೆ ಹಿಗ್ಗುತ್ತದೆ ಎಂದರು. ಅವರು ಹೇಳಿದ್ದು ಗ್ಲುಟೆನ್‌ನ ಗುಣವನ್ನೇ. ಗೋಧಿಯ ಪ್ರೋಟೀನುಗಳು ನೀರು ಕುಡಿದು, ನಾದಿದಾಗ ಹಿಗ್ಗುವ ಬಲೆಯಾಗುತ್ತವೆ. ಯೀಸ್ಟ್ ಬಿಡುವ ಅನಿಲ ಆ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಸಕ್ಕರೆ ಇಲ್ಲದೆಯೂ ಏರಿದ ಹಿಟ್ಟಿಗೂ ಕಾರಣವಿದೆ. ಹಿಟ್ಟಿನಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಒಡೆದು ಯೀಸ್ಟಿಗೆ ಸಕ್ಕರೆ ಒದಗಿಸುತ್ತವೆ.

ಇಷ್ಟಾದರೂ ಕೈಯ ಪಾಠ ಪೂರ್ಣವೆಂದು ಹೇಳಲಾರೆ. "ಹಿಟ್ಟು ಉಬ್ಬುವುದು ಯಾಕೆ?" ಎಂದಾಗ ಬಿ ವಿಭಾಗದ ಹಲವರು "ನಾದಿದಾಗ ಗಾಳಿ ತುಂಬಿಕೊಳ್ತೈತ್ರೀ" ಎಂದರು. ಕೈ ಕಷ್ಟಪಟ್ಟಿದ್ದರಿಂದ ಉಬ್ಬಿಸಿದ್ದೂ ಕೈಯೇ ಎಂದು ಅವರಿಗೆ ಅನಿಸಿತ್ತು. ಎ ವಿಭಾಗದಲ್ಲಿ ಈ ತಪ್ಪು ಕಲ್ಪನೆ ಇರಲಿಲ್ಲ. ಐದು ಗುಂಪುಗಳಲ್ಲಿ ನೀರು, ನಾದಿದ ಸಮಯ, ಸಕ್ಕರೆ ಎಲ್ಲವೂ ಬೇರೆ ಬೇರೆಯಾಗಿದ್ದಾಗ ಯಾವುದರಿಂದ ಏನಾಯಿತು ಎಂದು ಖಚಿತಪಡಿಸುವ ದಾರಿಯೂ ಅವರಿಗಿರಲಿಲ್ಲ.

ಒಸಾಕಾದ ಉದಾಹರಣೆ

ಕೈ ಮತ್ತು ಯಂತ್ರದ ಈ ಪ್ರಶ್ನೆಗೆ ಬ್ರೆಡ್ ಯಂತ್ರದ ಇತಿಹಾಸದಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇದೆ. 1980ರ ದಶಕದ ಮಧ್ಯದಲ್ಲಿ ಜಪಾನಿನ ಮತ್ಸುಶಿತ ಕಂಪನಿ ಮನೆಬಳಕೆಯ ಬ್ರೆಡ್ ಯಂತ್ರ ರೂಪಿಸಲು ಹೊರಟಾಗ, ಬ್ರೆಡ್ಡಿನ ಹೊರಮೈ ಸೀದು ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟನ್ನೂ ಕುಶಲ ಕೈ ನಾದಿದ ಹಿಟ್ಟನ್ನೂ ಎಕ್ಸ್-ರೇ ತೆಗೆದು ಹೋಲಿಸಿದರೂ ಕಾರಣ ತಿಳಿಯಲಿಲ್ಲ. ಆಗ ತಂಡದಲ್ಲಿದ್ದ ಇಕುಕೊ ತನಕ ಎಂಬ ಸಾಫ್ಟ್‌ವೇರ್ ತಜ್ಞೆ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಬಳಿ ಶಿಷ್ಯೆಯಾಗಿ ಸೇರಿದರು. ಅವರು ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಾರೆ ಎಂಬುದು ಜೊತೆಯಲ್ಲಿ ನಾದಿದಾಗ ತನಕ ಅವರಿಗೆ ಗೊತ್ತಾಯಿತು. ಆ ತಿರುಚನ್ನು ತರಲು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಸೇರಿಸಲಾಯಿತು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಇಕುಜಿರೊ ನೊನಾಕಾ 1991ರ ತಮ್ಮ ಲೇಖನದಲ್ಲಿ, ಮಾತಿಗೆ ಸಿಗದ ಅವ್ಯಕ್ತ ಜ್ಞಾನವು ವ್ಯಕ್ತ ಜ್ಞಾನವಾಗುವುದಕ್ಕೆ ಇದನ್ನು ಉದಾಹರಣೆಯಾಗಿ ಕೊಟ್ಟರು.

2007ರಲ್ಲಿ ರೊಡ್ರಿಗೊ ರಿಬೈರೊ ಮತ್ತು ಹ್ಯಾರಿ ಕಾಲಿನ್ಸ್ ಈ ವಿವರಣೆಯನ್ನು ಪ್ರಶ್ನಿಸಿದರು. ಬೇಕರ್‌ನ ಜ್ಞಾನ ಯಂತ್ರದೊಳಗೆ ಹೋಗಿಲ್ಲ, ಅದರಲ್ಲಿ ಬಹುಪಾಲು ಯಂತ್ರದ ಸುತ್ತಲಿನ ಜನರಲ್ಲೇ ಉಳಿಯುತ್ತದೆ ಎಂಬುದು ಅವರ ವಾದದ ಸಾರ. ಅಳೆದು ಹಾಕುವವರು, ಸರಿಯಾದ ಹಿಟ್ಟು ಆರಿಸುವವರು, ಬ್ರೆಡ್ ಚೆನ್ನಾಗಿದೆಯೇ ಎಂದು ನಿರ್ಣಯಿಸುವವರು ಮನುಷ್ಯರೇ.

ನಮ್ಮ ತರಗತಿಗೆ ಇವೆರಡೂ ಅನ್ವಯಿಸುತ್ತವೆ. ಯಂತ್ರ ರೂಪಿಸಿದವರು ಕೈಯಿಂದ ಕಲಿತ ಮೇಲೆ ಯಂತ್ರಕ್ಕೆ ಬಂದರು. ನಾವು ಮಕ್ಕಳಿಗೆ ಮೊದಲೇ ಯಂತ್ರ ತೋರಿಸಿದೆವು. ಪ್ರಶಿಕ್ಷಣಾರ್ಥಿಯ ಅಳತೆ, ಬೆಳಗಿನ ಎಂಟು ಗಂಟೆಯ ಸಿದ್ಧತೆ ಯಾವುದೂ ಮಕ್ಕಳಿಗೆ ಕಾಣಲಿಲ್ಲ.

ಮರುಪಾಠ

ಇಬ್ಬರು ಪ್ರಶಿಕ್ಷಣಾರ್ಥಿಗಳನ್ನೂ ಕೂರಿಸಿಕೊಂಡು ಒಂದೇ ಯೋಜನೆ ಮಾಡಿದೆವು. ಎರಡೂ ವಿಭಾಗಗಳಿಗೆ ಅದನ್ನು ಇಬ್ಬರೂ ಸೇರಿ ಬೋಧಿಸಿದರು.

1. ಬೆಳಗಿನ ಅವಧಿ, ಕೈ: ಪ್ರತಿ ಗುಂಪಿಗೆ 250 ಗ್ರಾಂ ಮೈದಾ, 160 ಮಿ.ಲೀ. ನೀರು, ಒಂದು ಟೀ ಚಮಚ ಒಣ ಯೀಸ್ಟ್, ಎರಡು ಟೀ ಚಮಚ ಸಕ್ಕರೆ, ಮುಕ್ಕಾಲು ಟೀ ಚಮಚ ಉಪ್ಪು. ಹತ್ತು ನಿಮಿಷ ನಾದುವುದು. ಒಂದೊಂದು ಗುಂಪು ಒಂದನ್ನು ಮಾತ್ರ ಬದಲಿಸಬೇಕು: ಕುದಿಯುವಷ್ಟು ಬಿಸಿಯಾದ ನೀರು, ಸಕ್ಕರೆ ಇಲ್ಲ, ನಾದುವುದು ಒಂದೇ ನಿಮಿಷ, ಯೀಸ್ಟ್ ಇಲ್ಲ. ಐದನೆಯ ಗುಂಪು ಏನನ್ನೂ ಬದಲಿಸುವಂತಿಲ್ಲ. ಬಿಸಿನೀರನ್ನು ಶಿಕ್ಷಕರೇ ಹಾಕಿ ಚಮಚದಿಂದ ಕಲಸಿ, ಆರಿದ ಮೇಲೆ ಮಕ್ಕಳ ಕೈಗೆ ಕೊಡಬೇಕು. ಉಷ್ಣತೆಯನ್ನು ಪ್ರಯೋಗಾಲಯದ ಉಷ್ಣತಾಮಾಪಕದಿಂದ ಅಳೆಯಬೇಕು. ಜ್ವರ ನೋಡುವ ಉಷ್ಣತಾಮಾಪಕ ಇದಕ್ಕೆ ಬಾರದು.

2. ಊಹೆ: ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚುವ ಮೊದಲು ಪ್ರತಿ ಗುಂಪು ಏನಾಗಬಹುದು, ಯಾಕೆ ಎಂದು ಬರೆದಿಡಬೇಕು.

3. ಮಧ್ಯಾಹ್ನದ ಅವಧಿ, ವೀಕ್ಷಣೆ: ಊಹೆಯನ್ನು ಹಿಟ್ಟಿನ ಜೊತೆ ಹೋಲಿಸುವುದು. ಒಲೆ ಇದ್ದರೆ ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದ ಕುಕ್ಕರಿನಲ್ಲಿ ಉಪ್ಪಿನ ಹಾಸಿನ ಮೇಲೆ ಪಾತ್ರೆಯಿಟ್ಟು ಬೇಯಿಸಬಹುದು. ಆ ಕೆಲಸ ಶಿಕ್ಷಕರದು. ಹಸಿ ಹಿಟ್ಟನ್ನು ಯಾರೂ ರುಚಿ ನೋಡಬಾರದು.

4. ಮರುದಿನ, ಯಂತ್ರ: ಪ್ರಶಿಕ್ಷಣಾರ್ಥಿ ಮನೆಯಲ್ಲಿ ಅದೇ ಯಂತ್ರದಿಂದ ಎರಡು ಬ್ರೆಡ್ ಮಾಡಿ ತಂದರು. ಒಂದರಲ್ಲಿ ಯೀಸ್ಟ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಉಳಿದದ್ದೆಲ್ಲ ಒಂದೇ.

ಯಂತ್ರದ ನಿಜವಾದ ಉಪಯೋಗ ಕಂಡದ್ದು ಈ ನಾಲ್ಕನೆಯ ಹಂತದಲ್ಲಿ. ಕೈಯಿಂದ ಎರಡು ಸಲ ಒಂದೇ ರೀತಿ ನಾದಲು ಆಗದು, ಯಂತ್ರಕ್ಕೆ ಆಗುತ್ತದೆ. ಯೀಸ್ಟ್ ಇಲ್ಲದ ಬ್ರೆಡ್ ಇಟ್ಟಿಗೆಯಂತಿತ್ತು. "ಎರಡನ್ನೂ ಅಷ್ಟೇ ನಾದಿದೆ. ಗಾಳಿ ಎಲ್ಲಿ ಹೋಯಿತು?" ಎಂದು ಕೇಳಿದಾಗ ಬಿ ವಿಭಾಗದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ರೊಟ್ಟಿಯ ಹುಡುಗಿಯೇ ಹೇಳಿದಳು: "ನಾದೋದು ಚೀಲ ಮಾಡ್ತೈತ್ರೀ, ಗಾಳಿ ತುಂಬೋದು ಯೀಸ್ಟ್."

ಎ ವಿಭಾಗದಲ್ಲಿ ತಳದ ತೂತಿನ ಪ್ರಶ್ನೆಗೆ ಅದನ್ನು ಕೇಳಿದ ಹುಡುಗನೇ ಉತ್ತರ ಕೊಟ್ಟ. ಅಷ್ಟರಲ್ಲಿ ಅವನೂ ಹತ್ತು ನಿಮಿಷ ಹಿಟ್ಟು ನಾದಿದ್ದ. "ಅದು ಯಂತ್ರದ ಕೈ ಇದ್ದ ಜಾಗಾರೀ ಸರ್."

ಪ್ರಶಿಕ್ಷಣಾರ್ಥಿಗಳಿಗೆ ಮತ್ತು ಮೇಲ್ವಿಚಾರಕರಿಗೆ

ಯಂತ್ರ ಸಿಗದ ಶಾಲೆಗಳೇ ಹೆಚ್ಚು. ಮೊದಲ ಮೂರು ಹಂತಗಳನ್ನು ಅದಿಲ್ಲದೆ ಮಾಡಬಹುದು. ನಾಲ್ಕನೆಯದಕ್ಕೂ ಯೀಸ್ಟ್ ಇರುವ, ಇಲ್ಲದ ಎರಡು ಪಾತ್ರೆಗಳನ್ನು ಒಬ್ಬರೇ ಗಡಿಯಾರ ನೋಡಿಕೊಂಡು ನಾದಿದರೆ ಸಾಕಷ್ಟು ಹತ್ತಿರ ಬರಬಹುದು. ಯಂತ್ರ ಇದ್ದರೆ ಅದು ಮಕ್ಕಳ ಕೈ ಹಿಟ್ಟಾದ ಮೇಲೆ ಬರಲಿ. ಕೈ ಪ್ರಶ್ನೆಗಳನ್ನು ಹುಟ್ಟಿಸುತ್ತದೆ, ಯಂತ್ರ ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ಪರೀಕ್ಷಿಸಲು ನೆರವಾಗುತ್ತದೆ. ಇಬ್ಬರು ಪ್ರಶಿಕ್ಷಣಾರ್ಥಿಗಳ ಪಾಠಗಳೂ ಒಂದೊಂದು ಅರ್ಧವಾಗಿದ್ದವು.

ಮೇಲ್ವಿಚಾರಕರಾದ ನಮ್ಮ ವೀಕ್ಷಣಾ ಪಟ್ಟಿಯಲ್ಲಿ ಸಮಯ ನಿರ್ವಹಣೆ, ಕಪ್ಪುಹಲಗೆ ಕೆಲಸ, ಕಲಿಕೋಪಕರಣಗಳ ಬಳಕೆ ಎಲ್ಲಕ್ಕೂ ಅಂಕವಿದೆ. ಉಬ್ಬದ ಹಿಟ್ಟಿನ ಮುಂದೆ ಪ್ರಶಿಕ್ಷಣಾರ್ಥಿ ಏನು ಮಾಡಿದರು ಎಂಬುದಕ್ಕೆ ಸಾಲಿಲ್ಲ. ಈಗ ನಾನು ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿಕೊಂಡಿದ್ದೇನೆ: ಚಟುವಟಿಕೆ ತಪ್ಪಿದಾಗ ಕಾರಣ ಹುಡುಕಿದವರು ಯಾರು?

ಮೊದಲ ಪಾಠಗಳ ಅಂಕಗಳು ದಾಖಲೆಗೆ ಹೋಗಿದ್ದವು, ಬದಲಾಗಲಿಲ್ಲ. ಮರುಪಾಠಕ್ಕೆ ಇಬ್ಬರಿಗೂ ಒಂದೇ ಅಂಕ ಕೊಟ್ಟೆ. ಆಕೆಯ ಪ್ರಶ್ನೆಗೂ ಉತ್ತರ ಕೊಟ್ಟೆ: ಹೌದು, ಬ್ರೆಡ್ ಆಗಿದ್ದರೆ ಆ ದಿನ ಅಂಕ ಬರುತ್ತಿತ್ತು, ಮತ್ತು ಆ ಅಂಕ ಕೊಡುವುದರಲ್ಲಿ ನಾನು ತಪ್ಪುತ್ತಿದ್ದೆ.