ಉಣ್ಣಲು ಕಲಿಯುವ ಮಗುವಿನ ಕೈಗೆ ಯಾವ ತಿನಿಸು?



ಕರುವಿಗೆ ಹಾಲಿನ ಜೊತೆ ಕರು ಆಹಾರ, ಎಳೆ ಹುಲ್ಲು ರೂಢಿ ಮಾಡಿಸುವಾಗ ತಾವು ವಹಿಸುವ ಎಚ್ಚರ ಮನೆಯ ಮಗುವಿನ ವಿಷಯದಲ್ಲೂ ಬೇಕು. 6 ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಅನಂತರ ಕಿವುಚಿದ ಆಹಾರ ಆರಂಭಿಸಿ, ಸುಮಾರು 8 ತಿಂಗಳಿಗೆ ಮಗು ತಾನೇ ಹಿಡಿದು ತಿನ್ನುವ ತಿನಿಸು ಕೊಡಬಹುದು. ಎದೆಹಾಲು 2 ವರ್ಷದವರೆಗೂ ಮುಂದುವರಿಯಲಿ.

ಹಲ್ಲಿಲ್ಲದ ಮಗು ವಸಡಿನಿಂದಲೇ ಅರೆಯುತ್ತದೆ. ಆದ್ದರಿಂದ ಕೊಡುವ ಮುನ್ನ ತಿನಿಸನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿರಿ. ಸುಲಭವಾಗಿ ಹಿಸುಕಿಹೋದರೆ ಮಾತ್ರ ಕೊಡಿರಿ. ಇಡ್ಲಿ, ಬೇಯಿಸಿದ ಗೆಣಸು, ಕುಂಬಳ, ಮಾಗಿದ ಬಾಳೆಹಣ್ಣು, ಪೂರ್ತಿ ಬೆಂದ ಮೊಟ್ಟೆ, ಮನೆಯಲ್ಲೇ ಮಾಡಿದ ಮೆತ್ತನೆಯ ಪನೀರ್ ಒಳ್ಳೆಯವು. ಬೆರಳುದ್ದ ಕತ್ತರಿಸಿದರೆ ಮುಷ್ಟಿಯಲ್ಲಿ ಹಿಡಿಯಲು ಅನುಕೂಲ.

ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಕೊಬ್ಬರಿ ಚೂರು ಖಂಡಿತ ಬೇಡ. ಉಸಿರಿನ ಕೊಳವೆಗೆ ಸಿಕ್ಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಅಳು ನಿಲ್ಲಿಸಲೆಂದು ಅಜ್ಜಿ ಪ್ರೀತಿಯಿಂದ ಕೊಡುವ ಚಕ್ಕುಲಿಯನ್ನೂ ನಯವಾಗಿ ತಡೆಯಿರಿ. ಕಡಲೆಕಾಯಿಯನ್ನು ನುಣ್ಣಗೆ ಪುಡಿ ಮಾಡಿ ಗಂಜಿಗೆ ಬೆರೆಸಬಹುದು. ಜೇನುತುಪ್ಪವನ್ನು 1 ವರ್ಷದವರೆಗೆ ನಾಲಿಗೆಗೂ ತಾಗಿಸಬಾರದು.

ಚಹಾದಲ್ಲಿ ಅದ್ದಿದ ಬಿಸ್ಕತ್ತು ಹೊಟ್ಟೆ ತುಂಬಿಸೀತು, ಆದರೆ ಚಹಾ ದೇಹಕ್ಕೆ ಕಬ್ಬಿಣಾಂಶ ಸೇರಲು ಅಡ್ಡಿ ಮಾಡುತ್ತದೆ. ಹಾಲಿನ ಒಕ್ಕೂಟದವನಾದರೂ ಇನ್ನೊಂದು ಮಾತು ಹೇಳಲೇಬೇಕು: ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. 1 ವರ್ಷ ತುಂಬುವ ಮುನ್ನ ಅದನ್ನು ಎದೆಹಾಲಿಗೆ ಬದಲಾಗಿ ಕುಡಿಸಬೇಡಿ. ಅಡುಗೆಗೆ ಬಳಸುವುದಾದರೆ ಚೆನ್ನಾಗಿ ಕಾಯಿಸಿರಿ.

ಸಗಣಿ ಬಾಚಿದ, ಹಾಲು ಕರೆದ ಕೈಯನ್ನು ಸೋಪಿನಿಂದ ತೊಳೆದೇ ತಿನಿಸು ಮುಟ್ಟಿರಿ. ಮಗುವನ್ನು ನೇರವಾಗಿ ಕೂರಿಸಿ, ಎದುರಿಗೇ ಇದ್ದು ತಿನ್ನಿಸಿರಿ. ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಕೈಗೆ ತಿನಿಸು ಕೊಟ್ಟು ಮಗುವೊಂದನ್ನೇ ಬಿಟ್ಟು ಕೊಟ್ಟಿಗೆಗೆ ಹೋಗಬೇಡಿ.